ಗಂಟಿಲ್ಲದ ನುಚ್ಚು

"ನೀರ ಹಾಕವಾ," ಎಂದು ಸರುಬಾಯಿ ಎರಡನೆಯ ಸಲ ಹೇಳಿದಾಗ ಸೋನಾಲಿ ತಂಬಿಗೆ ಬಗ್ಗಿಸಿದಳು. ಅಂಗಳದಲ್ಲಿ ಸೀರೆಯ ಮರೆ ಕಟ್ಟಿ, ಅತ್ತೆ ಧೂಳಮ್ಮನ ಹೆಣವನ್ನು ಮಣೆಯ ಮೇಲೆ ಕೂರಿಸಿ, ಓಣಿಯ ಇಬ್ಬರು ಹೆಂಗಸರು ಹಿಡಿದುಕೊಂಡಿದ್ದರು. ಅರಿಸಿನ ಹಚ್ಚುತ್ತಿದ್ದ ಸರುಬಾಯಿಯ ಕೈ ಎಡ ಹೆಗಲ ಹತ್ತಿರ ನಿಂತಿತು. ಕಿವಿಯ ಕೆಳಗಿನಿಂದ ತೋಳಿನವರೆಗೆ ಚರ್ಮ ಸುಟ್ಟು ಸುಕ್ಕಾಗಿತ್ತು.

"ಇದು ಯಾವಾಗಿಂದು?"

"ನನ್ನ ಲಗ್ನಾಗೋ ಮೊದಲಿಂದ್ರಿ ಕಾಕು. ಕುದಿಯೋ ನುಚ್ಚು ಚೆಲ್ಲಿತ್ತಂತ."

"ನುಚ್ಚು ತಾನ ಹಾರಿ ಹೆಗಲ ಮ್ಯಾಲ ಕುಂತಿತ್ತೇನ?" ಎಂದಳು ಸರುಬಾಯಿ. ಪಕ್ಕದ ಮನೆಯಲ್ಲೇ ಇಪ್ಪತ್ತು ವರ್ಷ ಬಾಳಿದವಳು ತಾನು ಎಂಬುದು ನೆನಪಾಗಿ, ತನ್ನ ಮಾತಿಗೆ ತಾನೇ ನಾಚಿ ಮತ್ತೆ ಅರಿಸಿನ ತೊಗೊಂಡಳು.

ಮರೆಯ ಆಚೆ ಮಾವ ಭೀಮಶಾ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. "ಪುಣ್ಯವಂತಿ ನೋಡ್ರಿ. ಒಲಿ ಮುಂದ ಕುಂತಲ್ಲೇ ಹೋದ್ಳು. ಯಾರಿಗೂ ತ್ರಾಸ ಕೊಡಲಿಲ್ಲ."

ಅದರಲ್ಲಿ ಸುಳ್ಳಿರಲಿಲ್ಲ. ಹೇಳದೆ ಬಿಟ್ಟದ್ದು ಮಾತ್ರ ಒಂದಿತ್ತು, ಅದು ಅವನನ್ನು ಬಿಟ್ಟರೆ ಸೋನಾಲಿಗಷ್ಟೇ ಗೊತ್ತಿತ್ತು.

ರಾಜೇಶ್ವರ ಎಂಬ ಆ ಊರಲ್ಲಿ ಭೀಮಶಾನಿಗೆ ಒಳ್ಳೆಯ ಹೆಸರು. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಕುಂಟುವ ಕುರಿಮರಿಯನ್ನು ಹೆಗಲ ಮೇಲೆ ಹೊತ್ತು ಮೂರು ಮೈಲಿ ನಡೆಯುತ್ತಾನೆ. ಅವನ ಕನಿಕರವೆಲ್ಲ ಕುರಿಗಳಿಗೇ ಖರ್ಚಾಗಿ ಮನೆಯವರಿಗೆ ಏನೂ ಉಳಿಯುತ್ತಿರಲಿಲ್ಲ.

*

ಅವನಿಗೆ ಬೇಕಾದದ್ದು ಮೆಕ್ಕೆಜೋಳದ ನುಚ್ಚು. ಕುದಿಯುವ ನೀರಿಗೆ ಒಂದು ಕೈಯಿಂದ ಉದುರಿಸುತ್ತ, ಇನ್ನೊಂದು ಕೈಯಿಂದ ಮರದ ಹುಟ್ಟು ತಿರುವುತ್ತಲೇ ಇರಬೇಕು. ಮುಕ್ಕಾಲು ತಾಸು ರಟ್ಟೆ ಬಿದ್ದುಹೋಗುವಷ್ಟು ತಿರುವಿ, ಕಡೆಗೆ ಹಾಲು ಹಾಕಿದರೆ ಕೆನೆಯ ಹಾಗೆ ಆಗಬೇಕು. ಊಟಕ್ಕೆ ಕೂತವನು ಮೊದಲು ಐದೂ ಬೆರಳು ತಾಟಿಗೆ ಇಳಿಸಿ ಗಂಟು ಹುಡುಕುತ್ತಿದ್ದ. ಸಿಕ್ಕಿದ ಗಂಟನ್ನು ತಾಟಿನ ಅಂಚಿಗಿಟ್ಟು, ಎದ್ದು ಬಂದು ಹೆಂಡತಿಯನ್ನು ಬಡಿಯುತ್ತಿದ್ದ.

ಬಸವಕಲ್ಯಾಣದಿಂದ ಮದುವೆಯಾಗಿ ಬಂದ ಸೋನಾಲಿಗೆ ರೊಟ್ಟಿ ಬರುತ್ತಿತ್ತು, ನುಚ್ಚು ಬರುತ್ತಿರಲಿಲ್ಲ. ಮೊದಲ ದಿನವೇ ತಾಟು ಗೋಡೆಗೆ ಹೋಯಿತು. "ಹೇಣ್ತಿಗಿ ಒಂದೀಟ ಬುದ್ಧಿ ಕಲಿಸಾಕ ಬರಂಗಿಲ್ಲೇನು?" ಎಂದು ಭೀಮಶಾ ಮಗನನ್ನು ಕೇಳಿದ. ಹುಮನಾಬಾದಿನ ಕೆಮಿಕಲ್ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಬಂದಿದ್ದ ಅವಿನಾಶ ಅಪ್ಪನ ಮಾತು ಮೀರದ ಮಗ; ಹೆಂಡತಿಯ ತುರುಬಿಗೆ ಕೈ ಹಾಕಿದ. ಧೂಳಮ್ಮ ನಡುವೆ ಬಂದು ನಿಂತಳು. ಪೆಟ್ಟು ಅವಳ ಮೋರೆಗೆ ಬಿದ್ದು ಒಂದು ಹಲ್ಲು ಹೋಯಿತು.

ಮರುದಿನ ಅವಳೇ ಹುಟ್ಟು ಕಸಿದುಕೊಂಡಳು. "ನೀ ರೊಟ್ಟಿ ಮಾಡು. ನುಚ್ಚ ನಾ ತಿರುವ್ತೀನಿ. ಗಂಟ ಬಂದ್ರ ನನ್ನ ಪಾಲಿಗಿರಲಿ."

ಆರು ವರ್ಷ ಹಾಗೇ ನಡೆಯಿತು. ಈ ಮುಂಜಾನೆ ಸೋನಾಲಿ ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದಲ್ಲಿ ಹುಟ್ಟಿನ ಸಪ್ಪಳ ನಿಂತಿತು. ಅತ್ತೆ ಗೋಡೆಗೊರಗಿದ್ದಳು. ದಣಿವು ಆರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡಳು ಸೋನಾಲಿ. ತಳ ಹತ್ತಿದ ವಾಸನೆ ಬಂದಾಗ ಬಗ್ಗಿ ನೋಡಿದರೆ, ಕಣ್ಣುಗಳು ತೆರೆದೇ ಇದ್ದವು, ಉಸಿರು ಇರಲಿಲ್ಲ. ಚೀರಲು ಬಾಯಿ ತೆಗೆಯುವಷ್ಟರಲ್ಲಿ ಭೀಮಶಾ ಕುರಿದೊಡ್ಡಿಯಿಂದ ಒಳಗೆ ನುಗ್ಗಿದ.

"ತಳ ಹತ್ತಿಸಿದ್ಯಾ, ರಂಡೇ?"

ಒದ್ದ. ಧೂಳಮ್ಮ ಚೀಲದ ಹಾಗೆ ಪಕ್ಕಕ್ಕೆ ಉರುಳಿದಳು. ಏಳಲಿಲ್ಲವೆಂದು ಇನ್ನೊಮ್ಮೆ ಒದ್ದ.

"ಮಾವಾ, ಅತ್ತಿ ಹೋಗ್ಯಾಳ್ರಿ!"

ಅವನು ಕಾಲು ಹಿಂದಕ್ಕೆ ತೆಗೆದುಕೊಂಡ. ಹೆಂಡತಿಯ ಮೋರೆಯನ್ನು ಸ್ವಲ್ಪ ಹೊತ್ತು ನೋಡಿದ. "ಯಾರ ಮುಂದೂ ಅನಬ್ಯಾಡ," ಎಂದು ಹೇಳಿ ನುಚ್ಚಿನ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿದ.

*

ಮಣ್ಣು ಕೊಟ್ಟು ಬರುವಷ್ಟರಲ್ಲಿ ನಾಲ್ಕು ಗಂಟೆಯಾಗಿತ್ತು. ಸಾವಿನ ಮನೆಯಲ್ಲಿ ಅವತ್ತು ಒಲೆ ಹಚ್ಚುವಂತಿಲ್ಲ, ನೆರೆಯವರೇ ಉಣ್ಣಲು ತರಬೇಕು. ಭೀಮಶಾನಿಗೆ ಏನು ಸೇರುತ್ತದೆಂದು ಊರಿಗೇ ಗೊತ್ತು. ಸರುಬಾಯಿ ಆಗಷ್ಟೇ ಇಳಿಸಿದ ನುಚ್ಚನ್ನು ಪಾತ್ರೆಯ ಸಮೇತ ಹೊತ್ತು ತಂದಳು. ಸೋನಾಲಿ ಬಡಿಸಿ, ನೀರಿನ ಕೊಡದ ಪಕ್ಕ ಕೂತಳು.

ಹುಮನಾಬಾದಿನ ಗಂಜ್‌ನಲ್ಲಿ ಕಾಳಿನ ಮೂಟೆ ಹೊತ್ತು ಹಮಾಲಿ ಮಾಡುವ ಭೀಮಶಾನ ತಮ್ಮ ದೇವಿದಾಸ ಗಂಟಲು ಸರಿಮಾಡಿಕೊಂಡ. "ಸೋನಾಲಿ, ಇನ್ನ ಮ್ಯಾಲ ಅಣ್ಣನ ನುಚ್ಚು ನಿನ್ನ ಕೈಯಾಗೈತಿ ನೋಡವಾ. ಹೋದ ವೈನಿ ಜಾಗಾ ನೀನ ತುಂಬಬೇಕು."

"ತುಂಬ್ತಾಳ, ಎಲ್ಲಿ ಹೋಗ್ತಾಳ?" ಎಂದ ಅವಿನಾಶ. ಕೂತವರೆಲ್ಲ ತಲೆಯಾಡಿಸಿದರು. ಆ ಜಾಗ ಎಂಥದೆಂದು ಸೋನಾಲಿಗೆ ಗೊತ್ತಿತ್ತು.

ಇಳಿಸಿದ ನುಚ್ಚಿನ ಮೇಲೆ ಬೇಗ ಪೊರೆ ಕಟ್ಟುತ್ತದೆ. ಹಬೆ ಕಾಣುವುದಿಲ್ಲ, ಒಳಗೆ ಕುದಿ ಹಾಗೇ ಇರುತ್ತದೆ. ಮಾಡುವವರಿಗೆ ಇದು ಗೊತ್ತು, ಉಣ್ಣುವವರಿಗೆ ಗೊತ್ತಿಲ್ಲ. ಧೂಳಮ್ಮ ಮೂವತ್ತೈದು ವರ್ಷ ತಾಟಿನ ತುಂಬ ಹರಡಿ, ಸೆರಗಿನಿಂದ ಗಾಳಿ ಬೀಸಿ, ತನ್ನ ಬೆರಳು ಅದ್ದಿ ನೋಡಿಯೇ ಗಂಡನ ಮುಂದೆ ಇಡುತ್ತಿದ್ದಳು. ನುಚ್ಚು ಹುಟ್ಟುವುದೇ ಉಗುರುಬೆಚ್ಚಗೆ ಎಂದು ಅವನು ನಂಬಿದ್ದ. ಸೋನಾಲಿ ಸೆರಗು ಕೈಗೆ ತೊಗೊಂಡಳು. ಬೀಸಲಿಲ್ಲ. ಇನ್ನೂ ಕುದಿಯುತ್ತಿದೆಯೆಂದು ಹೇಳಲೂ ಇಲ್ಲ.

ಭೀಮಶಾ ಐದೂ ಬೆರಳು ಇಳಿಸಿದ.

ಅವನ ಕೂಗಿಗೆ ಹೊರಗೆ ಕುರಿಗಳು ಬೆದರಿದವು. ನುಚ್ಚು ಮೆತ್ತಿಕೊಂಡ ಬೆರಳುಗಳನ್ನು ಕೊಡವಿದಷ್ಟೂ ಅದು ಅಂಗೈಗೆ ಇಳಿಯಿತು. "ಧೂಳೀ! ನೀರು! ಎಲ್ಲಿ ಸತ್ತಿ, ನೀರ ತಾರಲೇ!"

ಅವಿನಾಶ ಎದ್ದು ಬಂದ. "ಕೇಳಸಂಗಿಲ್ಲೇನ? ಕೊಡ ನಿನ್ನ ಬಾಜೂಕ ಐತಿ!" ಎಂದು ಕಪಾಳಕ್ಕೆ ಬಾರಿಸಿದ. ನಡುವೆ ಬರುವವರು ಯಾರೂ ಇರಲಿಲ್ಲ. ಸೋನಾಲಿಯ ತುಟಿ ಒಡೆಯಿತು. ಅವಳು ಕೂತಲ್ಲಿಂದ ಏಳಲಿಲ್ಲ.

"ಮಾವ ಕರದದ್ದು ನನಗಲ್ಲ."

"ಏನಂದಿ?"

"ಜೀವ ಹೋದ ಮ್ಯಾಲೂ ನಿಮ್ಮವ್ವಗ ಎರಡ ಸಲ ಒದ್ದಾರ. ಮುಂಜಾನಿ, ನುಚ್ಚು ಹತ್ತಿತಂತ. ಇದೇ ಕಣ್ಣಲೆ ನೋಡೀನಿ. ಆ ಜಾಗಾದಾಗ ನಾ ಕುಂದ್ರಂಗಿಲ್ಲ. ಬಡದು ಕೊಂದ್ರೂ ಕುಂದ್ರಂಗಿಲ್ಲ."

ಮತ್ತೆ ಎತ್ತಿದ್ದ ಕೈಯನ್ನು ಅವಿನಾಶ ಇಳಿಸಲೂ ಇಲ್ಲ, ಬೀಸಲೂ ಇಲ್ಲ. ಮೆಲ್ಲಗೆ ಅಪ್ಪನ ಕಡೆ ತಿರುಗಿದ. "ಅಪ್ಪಾ, ಖರೇ ಏನ?"

ಸರುಬಾಯಿ ಬಂದು ಸೋನಾಲಿಗೂ ಅವಿನಾಶನಿಗೂ ನಡುವೆ ನಿಂತಳು. ದೇವಿದಾಸ ತನ್ನ ತಾಟನ್ನು ಮುಂದಕ್ಕೆ ಸರಿಸಿ ಎದ್ದ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಎದ್ದರು.

ಭೀಮಶಾ ಬೊಬ್ಬೆ ಏಳುತ್ತಿದ್ದ ಕೈಯನ್ನು ಆರಿದ ಒಲೆಯ ಕಡೆಗೆ ಚಾಚಿಕೊಂಡು, ಯಾರೋ ನೀರು ಹೊಯ್ಯುತ್ತಾರೆಂದು ಕಾಯುತ್ತ ಕೂತಿದ್ದ.