ಸಾಟಿ ಸಂಬಂಧ

ನನ್ನ ಮಗಳು ಕಾವ್ಯಾಳನ್ನು ನೋಡಲು ರಾಣೆಬೆನ್ನೂರಿನಿಂದ ಬಂದವರ ಕಾರಿನ ಗಾಜನ್ನು ನಮ್ಮ ಕರ್ಜಗಿಯ ಹುಡುಗರು ಊರ ಅಗಸಿ ಬಾಗಿಲಲ್ಲೇ ಒಡೆದರು. ವರ ಸರ್ಕಾರಿ ಗುಮಾಸ್ತ. ಹುಡುಗಿಯ ಮುಖವನ್ನೂ ನೋಡದೆ ಅವರು ಬಂದ ದಾರಿಯಲ್ಲೇ ತಿರುಗಿ ಹೋದರು.

ನಾನು ಓಡಿ ಹೋಗಿ ಬಾಯಿಗೆ ಬಂದಂತೆ ಬೈದೆ. ಹದಿನೈದು ಜನ ನಿಂತಿದ್ದರು. ಒಬ್ಬನೂ ಮೂವತ್ತಕ್ಕೆ ಕಡಿಮೆಯವನಲ್ಲ, ಒಬ್ಬನಿಗೂ ಮದುವೆಯಿಲ್ಲ. ಎಲ್ಲರಿಗೂ ಹೊಲವಿದೆ, ಹೆಣ್ಣು ಕೊಡುವವರಿಲ್ಲ. ಹೊಟ್ಟೆಯಲ್ಲಿರುವುದು ಹೆಣ್ಣೆಂದು ಗೊತ್ತಾದೊಡನೆ ನಮ್ಮ ಓಣಿಯಿಂದ ಎಷ್ಟು ಜನ ಸದ್ದಿಲ್ಲದೆ ದವಾಖಾನೆಗೆ ಹೋಗಿ ಬಂದರೆಂಬುದೂ ನನಗೆ ಗೊತ್ತು. ಆಗ ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

"ಕಲ್ಲು ಒಗದಾಂವ ಯಾವನಲೇ?" ಎಂದು ಕೂಗಿದೆ.

"ನಾನು," ಎಂದು ಮುಂದೆ ಬಂದವನು ನನ್ನ ಮಗ ಮೈಲಾರಲಿಂಗ.

ಅವನ ರಟ್ಟೆ ಹಿಡಿದು ಜಗ್ಗಿದೆ. "ನಿನ್ನ ತಂಗಿ ಬಾಳೇವು ಅಲ್ಲೇನೋ ಇದು!"

"ನನಗಂತ ಹತ್ತೊಂಬತ್ತು ಮನಿ ಕನ್ಯಾ ನೋಡೇವಿ, ಯಪ್ಪಾ. ಹೊಲಾ ಮಾಡಾಂವಗ ಕೊಡಂಗಿಲ್ಲ ಅಂದ್ರು ಎಲ್ಲಾರೂ. ಅವ್ರಿಗೆ ನೀ ಶಾಪಾ ಹಾಕಿದಿ. ಮೊನ್ನಿ ಕಾವ್ಯಾನ್ನ ಕೇಳಾಕ ಅಗಡಿಯಿಂದ ಹೊಲದವ್ರು ಬಂದಾಗ ನೀ ಏನಂದಿ?"

ನಾನು ಅಂದದ್ದು ಊರಿಗೆಲ್ಲ ಗೊತ್ತಿತ್ತು. ಹೊಲ ಮಾಡುವವನಿಗೆ ಕೊಡುವುದಕ್ಕಿಂತ ಮಗಳನ್ನು ಬಾವಿಗೆ ನೂಕುತ್ತೇನೆ ಎಂದಿದ್ದೆ. ಹುಟ್ಟಿದಾಗಿನಿಂದ ಮೆಣಸಿನಕಾಯಿ ಬೆಳೆದು ಬ್ಯಾಡಗಿಗೆ ಒಯ್ಯುವ ಮನುಷ್ಯ ನಾನು! ನಾಚಿಕೆಯಾಯಿತು, ಆದರೆ ಸಿಟ್ಟು ಇಳಿಯಲಿಲ್ಲ.

ಸಂಜೆ, ಸಂಬಂಧ ಕೂಡಿಸುವ ಗದಿಗೆವ್ವ ಬಂದಳು. "ಫಕ್ಕೀರಪ್ಪಣ್ಣ, ಗುತ್ತಲದಾಗ ಹೊಲದವ್ರ ಒಂದು ಮನಿ ಐತಿ. ಸಾಟಿ ಮಾಡ್ರಿ. ಕಾವ್ಯಾನ್ನ ಅವ್ರ ಮಗಗ ಕೊಡ್ರಿ, ಅವ್ರ ಮಗಳನ್ನ ಮೈಲಾರಿಗೆ ತರ್ರಿ. ಹುಡುಗರ ಗದ್ದಲಾನೂ ತಣ್ಣಗಾಗ್ತೈತಿ," ಎಂದಳು.

ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು ನನಗೆ. ಬೆಳಿಗ್ಗೆಯವರೆಗೂ ಬಾವಿಗಿಂತ ಕಡೆಯಾಗಿ ಕಂಡ ಹೊಲ ಸಂಜೆಗೆ ಒಳ್ಳೆಯದಾಗಿಬಿಟ್ಟಿತು. ಎಷ್ಟೋ ದಿನಗಳ ಮೇಲೆ ಮಗನ ಮುಖವೂ ಅರಳಿತು. "ಆಗ್ಲಿ," ಎಂದೆ.

ನೋಡಲು ಬರುವವರಿಗೆಂದು ಉಟ್ಟ ಸೀರೆಯಲ್ಲೇ ಇದ್ದ ಕಾವ್ಯಾ ಚಹಾದ ತಟ್ಟೆಯನ್ನು ಕೆಳಗಿಟ್ಟಳು.

"ಬಿಎಡ್ ಮುಗೀಲಿ ಅಂದ್ನಿ, ಕೇಳಲಿಲ್ಲ. ಅಣ್ಣ ಕಲ್ಲು ಒಗದ. ಈಗ ನೀ ನನ್ನ ಒಗ್ಯಾಕತ್ತಿ, ಅಪ್ಪಾ."

ನಾನು ಮೈಲಾರಲಿಂಗನ ಮುಖ ನೋಡಿದೆ. ಅವನು ತಲೆಯೆತ್ತಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.