ಹೆಂಡತಿ ಹೇಳಿಕೊಟ್ಟ ಉತ್ತರ

ಟೈಲರನ ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ. ನಾಳೆ ಬೆಳಿಗ್ಗೆ ಆಪರೇಷನ್. ಅದಕ್ಕೆ ಮೊದಲು ಜ್ಞಾಪಕಶಕ್ತಿಯ ಪರೀಕ್ಷೆ ಆಗಬೇಕು ಅಂದಾಗ ಅವನ ಹೆಂಡತಿಗೆ ಮೈಯೆಲ್ಲ ಉರಿಯಿತು.

"ಗಡ್ಡೆ ಇರೋದು ಹೊಟ್ಟೇಲಿ. ತಲೆ ಯಾಕಮ್ಮ ಬೇಕು ನಿಮಗೆ?"

ಪರೀಕ್ಷೆ ಮಾಡುವ ಹುಡುಗಿ ನಕ್ಕಳು. "ಎಲ್ಲರಿಗೂ ಮಾಡ್ತೀವಿ. ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ ಅಮ್ಮ."

"ಆಗಲ್ಲ. ಅವರಿಗೆ ಕಿವಿ ಮಂದ, ನಾನು ಪಕ್ಕದಲ್ಲಿರಬೇಕು."

ಹಸೀ ಸುಳ್ಳು. ನೆಲಕ್ಕೆ ಸೂಜಿ ಬಿದ್ದರೂ ಕೇಳುವ ಕಿವಿ ಅವನದು. ಕೆಟ್ಟಿದ್ದು ನೆನಪು, ಅದೂ ಒಂದು ವರ್ಷದಿಂದ, ಮತ್ತು ಅದು ಅವಳೊಬ್ಬಳಿಗೇ ಗೊತ್ತು. ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಒಂದೇ ಪದ್ಧತಿ. ಅವಳು ಚೀಟಿ ನೋಡಿ ಅಳತೆ ಕೂಗಬೇಕು, ಅವನು ಬಟ್ಟೆ ಕತ್ತರಿಸಬೇಕು. "ಎದೆ ನಲವತ್ತು" ಅಂದರೆ ಕತ್ತರಿ ಓಡುತ್ತದೆ. "ಮುಂದೆ?" ಅನ್ನುತ್ತಾನೆ. "ತೋಳು ಇಪ್ಪತ್ನಾಲ್ಕು" ಅನ್ನುತ್ತಾಳೆ. ಈಚೆಗೆ ಅವಳು ಅಳತೆಯ ಜೊತೆಗೆ "ಎಡತೋಳು ಆಯ್ತು, ಈಗ ಬಲದ್ದು" ಅಂತಲೂ ಸೇರಿಸುತ್ತಿದ್ದಳು. ಗಿರಾಕಿಗಳಿಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಾಗಲಿಲ್ಲ.

ತಲೆ ಸರಿಯಿಲ್ಲ ಅಂತ ತಿಳಿದರೆ ಈ ಡಾಕ್ಟರುಗಳು ಆಪರೇಷನ್ನೇ ಬೇಡ ಅಂದುಬಿಟ್ಟರೆ? ಗಡ್ಡೆ ಹೊತ್ತುಕೊಂಡು ಮನೆಗೆ ಹೋಗಿ ಸಾಯಬೇಕೇ?

ಹುಡುಗಿ ಐದು ಪದ ಹೇಳಿದಳು. ಕುರ್ಚಿ, ನೀರು, ಕೆಂಪು, ಕುದುರೆ, ಬೀಗ. ಐದು ನಿಮಿಷ ಬೇರೆ ಏನೇನೋ ಕೇಳಿ, "ಈಗ ಆ ಪದ ಹೇಳಿ ನೋಡೋಣ" ಅಂದಳು.

"ಕುರ್ಚಿ," ಅಂದವನು ಅಲ್ಲಿಗೇ ನಿಂತ.

ಹೆಂಡತಿ ಬಾಟಲಿ ಎತ್ತಿ ಗಟಗಟ ಕುಡಿದಳು. "ನೀರು!" ಅಂದ ಅವನು. ಅವಳು ತನ್ನ ಕೆಂಪು ಚೀಲವನ್ನು ಅವನ ಮುಂದೆ ಸರಿಸಿದಳು. "ಕೆಂಪು!" ಕುದುರೆಗೆ ಏನು ಮಾಡುವುದು? ನಾಲಿಗೆಯಿಂದ ಟಕಟಕ ಸದ್ದು ಮಾಡಿದಳು.

"ಹಲ್ಲಲ್ಲಿ ಏನಾದ್ರೂ ಸಿಕ್ಕೊಂಡಿದ್ಯಾ ಅಮ್ಮ?" ಅಂದಳು ಹುಡುಗಿ.

"ಕುದುರೆ!" ಅಂದ ಟೈಲರ್. ಬೀಗಕ್ಕೆ ಮಾತ್ರ ಅವಳಿಗೆ ಉಪಾಯ ಹೊಳೆಯಲಿಲ್ಲ.

ಆಮೇಲೆ ಅವನು ಗಡಿಯಾರದ ಚಿತ್ರ ಬರೆಯಬೇಕಾದಾಗ ಹೆಂಡತಿ ತುಟಿಯೊಳಗೇ "ಮೇಲೆ ಹನ್ನೆರಡು, ಕೆಳಗೆ ಆರು" ಅಂತ ಗೊಣಗಿದಳು. ಪ್ರಾರ್ಥನೆ ಇರಬೇಕು ಅಂತ ಹುಡುಗಿ ಸುಮ್ಮನಾದಳು. ಮೂವತ್ತಕ್ಕೆ ಇಪ್ಪತ್ತೇಳು ಬಂತು.

"ನೋಡಿದ್ಯೇನೇ?" ಟೈಲರ್ ಎದೆಯುಬ್ಬಿಸಿದ. "ಕಾಲೇಜು ಓದಿದೋರಿಗೂ ಇಷ್ಟು ಬರಲ್ಲ."

"ಒಳ್ಳೇದಾಯ್ತು," ಹುಡುಗಿ ಕಾಗದ ಮಡಿಚಿದಳು. "ಕಮ್ಮಿ ಬಂದೋರಿಗೆ ಆಪರೇಷನ್ ಆದ್ಮೇಲೆ ತಲೆ ಗೊಂದಲ ಆಗತ್ತೆ, ಟ್ಯೂಬು ಕಿತ್ತುಹಾಕ್ತಾರೆ. ಅವರಲ್ಲಿ ಉಳಿಯೋರೂ ಕಮ್ಮಿ. ಅದಕ್ಕೇ ಅವರಿಗೆ ಮತ್ತಿನ ಔಷಧಿ ಬೇರೆ ಥರದ್ದು, ಮನೆಯವರು ಹಗಲೂ ರಾತ್ರಿ ಪಕ್ಕದಲ್ಲಿರ್ಬೇಕು. ನಿಮ್ಮವರಿಗೆ ಅದೆಲ್ಲ ಬೇಡ. ನಾಲ್ಕು ಗಂಟೆಗೆ ಡಾಕ್ಟರು ನಾಳೆಯ ಪಟ್ಟಿಗೆ ಸಹಿ ಹಾಕ್ತಾರೆ."

ಹೆಂಡತಿ ತಟಕ್ಕನೆ ತಲೆಯೆತ್ತಿದಳು. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹನ್ನೆರಡು ನಿಮಿಷ ಇತ್ತು.

ಹೇಳಿದರೆ ಆಪರೇಷನ್ ಮುಂದೆ ಹೋಗಬಹುದು, ಗಡ್ಡೆ ಬೆಳೆಯಬಹುದು. ಹೇಳದಿದ್ದರೆ ನಾಳೆ ಅವನು ಯಾವುದೋ ಕೋಣೆಯಲ್ಲಿ ಒಬ್ಬನೇ ಕಣ್ಣು ಬಿಡುತ್ತಾನೆ, ಯಾವ ಊರು ಅಂತಲೂ ತಿಳಿಯದೆ. ಉಪಕಾರ ಮಾಡಲು ಹೋಗಿ ಗಂಡನ ಕುತ್ತಿಗೆಗೇ ಕತ್ತರಿ ಇಟ್ಟಿದ್ದಳು. "ಥೂ ನನ್ನ ಬುದ್ಧಿಗೆ!" ಅಂದು ಎದ್ದಳು. ಬಾಗಿಲಲ್ಲಿದ್ದ ನರ್ಸು ತಡೆದರೆ, "ಪಕ್ಕಕ್ಕೆ ಸರಿಯಮ್ಮ, ಪ್ರಾಣದ ಮಾತು" ಅಂತ ಡಾಕ್ಟರ ಕೋಣೆಗೇ ನುಗ್ಗಿದಳು.

"ಸಾರ್, ಆ ಇಪ್ಪತ್ತೇಳು ನಂದು. ಅವರದ್ದಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು.

ಎರಡನೇ ಸಲ, ಬೇರೆ ಪದಗಳೊಂದಿಗೆ, ಅವನೊಬ್ಬನನ್ನೇ ಕೂರಿಸಿದರು. ಅವಳು ಬಾಗಿಲ ಹೊರಗೆ. ಸ್ವಲ್ಪ ಹೊತ್ತಿಗೆ ಒಳಗಿಂದ ಅವನ ದನಿ ಕೇಳಿತು. "ಮುಂದೆ?" ಇನ್ನೊಂದು ಸಲ, ಜೋರಾಗಿ, "ಎಲ್ಲಿ ಹೋದ್ಯೇ? ಮುಂದೆ ಏನೇ?"

ಅವಳು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಳು.

ಹದಿನಾಲ್ಕು ಬಂತು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ನಾಳೆ ಬೇಡ. ಹತ್ತು ದಿನ ಬಿಟ್ಟು ಮಾಡೋಣ. ಅವರು ರಾತ್ರಿ ನಿದ್ದೆ ಮಾತ್ರೆ ತಗೊಳ್ತಾರಲ್ಲ, ಅದು ಗೊಂದಲ ಹೆಚ್ಚಿಸತ್ತೆ, ಮೊದಲು ಅದನ್ನ ನಿಧಾನವಾಗಿ ಇಳಿಸಬೇಕು. ಅಷ್ಟರಲ್ಲಿ ಗಡ್ಡೆ ಅಂಥದ್ದೇನೂ ಬೆಳೆಯಲ್ಲ."

"ಉಳೀತಾರಾ ಸಾರ್?"

"ಮಾತು ಕೊಡಲ್ಲಮ್ಮ. ಕಣ್ಣು ಕಟ್ಕೊಂಡು ಮಾಡೋದು ತಪ್ಪಿತು, ಅಷ್ಟು ಹೇಳ್ತೀನಿ. ದಿನಾ ಅವರ ಹತ್ರ ನಾಲ್ಕು ಪ್ರಶ್ನೆ ಕೇಳಿ. ತಪ್ಪೋ ಸರಿಯೋ, ಹೇಳಿದ್ದನ್ನ ಹಾಗೇ ನರ್ಸಿಗೆ ತಿಳಿಸಿ. ಬಾಯಿ ಹಾಕಬೇಡಿ."

ಟೈಲರ್ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. "ಮಾನ ಕಳೆದ್ಯಲ್ಲೇ, ಊರೆದುರಿಗೆ."

"ಹೋಗ್ಲಿ ಬಿಡಿ. ಮಾನ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?" ಅಂದಳು. ಅವನು ನಗಲಿಲ್ಲ. ಅವಳು ಸ್ಟೂಲು ಎಳೆದು ಕೂತಳು. "ಇವತ್ತು ಯಾವ ವಾರ ರೀ?"

ಗುರುವಾರ ಅನ್ನುವುದು ಅವಳ ನಾಲಿಗೆಯ ತುದಿಗೇ ಬಂದಿತ್ತು. ನುಂಗಿದಳು. ಕಾದಳು.

"ಸೋಮವಾರ," ಅಂದ ಅವನು ಕೊನೆಗೆ, ಗೋಡೆಗೆ.

ಅವಳು ನರ್ಸಿಗೆ ಹೇಳಲು ಎದ್ದಳು.