ಸುಮಿ ಲಾರಿ ಹತ್ತಿದ ದಿನ

ಕುದುರೆ ಸುಮಿ ಮುಂಗಾಲು ಊರಿ ನಿಂತೇಬಿಟ್ಟಿತು. ಲಾರಿಗೆ ಆನಿಸಿದ ಹಲಗೆಯ ಮೇಲೆ ಒಂದು ಗೊರಸನ್ನೂ ಇಡಲಿಲ್ಲ. ಸಾವಿಗೆ ಬಂದಿದ್ದ ಅಕ್ಕಪಕ್ಕದ ಫಾರ್ಮಿನ ಗಂಡಸರು ಕರಿ ಸೂಟಿನ ತೋಳು ಮಡಚಿ, ಹಿಂದಿನಿಂದ ತಳ್ಳಿ ನೋಡಿದರು.

"ಕಿಚಿಜೊನೂ ಹೀಗೇ," ಎಂದ ಪಕ್ಕದ ಫಾರ್ಮಿನ ಮುದುಕ. "ಮದುವೆ ಫೋಟೋಗೆ ನಿಲ್ಲಿಸೋಕೆ ನಾಲ್ಕು ಜನ ಹಿಡ್ಕೋಬೇಕಾಯ್ತು."

ಯಾರೋ ನಕ್ಕು, ಮನೆಯ ಕಡೆ ನೋಡಿ ಸುಮ್ಮನಾದರು. ಒಳಗೆ ಸುಮಿಯ ಯಜಮಾನ ಕಿಚಿಜೊ ಶವಪೆಟ್ಟಿಗೆಯಲ್ಲಿ ಮಲಗಿದ್ದ. ಮಂತ್ರ ಮುಗಿದಿತ್ತು, ಮುಚ್ಚಳ ಹಾಕುವುದಷ್ಟೇ ಬಾಕಿ. ಇವತ್ತು ಹೊರಡದಿದ್ದರೆ ವಿಮಾನ ತಪ್ಪುತ್ತದೆ, ಕೊಂಡ ಐರ್ಲೆಂಡಿನವರು ಕುದುರೆಯೇ ಬೇಡವೆಂದಾರು ಎಂದು ಲಾರಿಯವನು ಗೊಣಗುತ್ತಿದ್ದ.

ಸುಮಿಯ ಮುತ್ತಜ್ಜಿ ಹಡಗಿನಲ್ಲಿ ಜಪಾನಿನ ಈ ಹೊಕ್ಕೈಡೊಗೆ ಬಂದಿದ್ದು ಅದೇ ಐರ್ಲೆಂಡಿನಿಂದ. ಆಗ ಒಳ್ಳೆಯ ರಕ್ತ ಬೇಕೆಂದರೆ ಸಮುದ್ರದಾಚೆ ಕೈಚಾಚಬೇಕಿತ್ತು. ಈಗ ಅವರೇ ಇಲ್ಲಿಯ ತಳಿ ಹುಡುಕಿಕೊಂಡು ಬರುತ್ತಾರೆ. ಮಾರಾಟ ಕುದುರಿದ ದಿನ ಕಿಚಿಜೊ ಆಸ್ಪತ್ರೆಯ ಹಾಸಿಗೆಯಲ್ಲಿ ನಡುಗುತ್ತಲೇ ನಕ್ಕಿದ್ದ. "ಅಂತೂ ಹುಡುಗಿ ಅಜ್ಜಿ ಮನೆಗೆ ಹೊರಟ್ಲು."

ಮಗ ಮಿನೋರಿ ಒಳಗೆ ಬಂದ. "ಅಮ್ಮಾ, ಅಪ್ಪನ ಕೋಟು ಬೇಕು."

ಚಿಯೊ ಪೆಟ್ಟಿಗೆಯತ್ತ ತಿರುಗಿದಳು. ಹತ್ತಿ ತುಂಬಿ ಅವಳೇ ಹೊಲಿದಿದ್ದ ಆ ಕೋಟನ್ನು ಬೆಳಿಗ್ಗೆ ಗಂಡನ ಎದೆಯ ಮೇಲೆ ಹೊದಿಸಿದ್ದಳು. ಕೊನೆಯವರೆಗೂ ಅವನಿಗೆ ಚಳಿ ಬಿಟ್ಟಿರಲಿಲ್ಲ.

*

ಸುಮಿ ಹುಟ್ಟಿದ ಬೆಳಿಗ್ಗೆಯೇ ಅದರ ತಾಯಿ ಸತ್ತಿತು. ಹೊರಗೆ ಹಿಮ. ಚಿಯೊ ಹಾಲು ಕಾಯಿಸಿ ತರುವಷ್ಟರಲ್ಲಿ ಕಿಚಿಜೊ ಬರೀ ಅಂಗಿಯಲ್ಲಿ ಹುಲ್ಲಿನ ಮೇಲೆ ಕೂತಿದ್ದ. ಮರಿ ಕೋಟಿನೊಳಗಿತ್ತು.

"ನಿನ್ನೆ ತಾನೇ ಹೊಲಿದು ಮುಗಿಸಿದ್ದು ಅದು."

"ಅದಕ್ಕೇ ಬೆಚ್ಚಗಿದೆ."

ಆಮೇಲೆ ಆ ಮರಿ ಹಗ್ಗಕ್ಕೆ ಬಗ್ಗಲಿಲ್ಲ. ಕೋಟು ಹೋದ ಕಡೆ ಹೋಗುತ್ತಿತ್ತು.

*

ಕಿಚಿಜೊನ ಅಕ್ಕ ಹಿಸಾ ಪೆಟ್ಟಿಗೆಗೆ ಅಡ್ಡ ನಿಂತಳು. "ಸತ್ತವರಿಗೆ ಕೊಟ್ಟಿದ್ದನ್ನ ವಾಪಸ್ ತಗೋತಾರೇನೇ?"

"ಅವರಾಗಿದ್ರೆ ಕೊಡ್ತಿದ್ರು, ಅತ್ತಿಗೆ."

"ಚಳಿ ಚಳಿ ಅಂತಾನೇ ಹೋದ ನನ್ನ ತಮ್ಮ."

"ನಂಗೊತ್ತಿಲ್ವಾ?"

ಹಿಸಾ ಮುಖ ತಿರುಗಿಸಿ ದಾರಿ ಬಿಟ್ಟಳು. ಚಿಯೊ ಬಿಳಿ ಸೇವಂತಿಗೆಗಳನ್ನು ಪಕ್ಕಕ್ಕೆ ಸರಿಸಿ, ಮಲಗಿದವನನ್ನು ಎಬ್ಬಿಸಬಾರದೆಂಬಂತೆ ಕೋಟನ್ನು ಮೆಲ್ಲಗೆ ಎಳೆದುಕೊಂಡಳು. ಶೋಕದ ಕರಿ ಉಡುಪಿನ ಮೇಲೆ ಅದನ್ನು ತೊಟ್ಟು ಅಂಗಳ ದಾಟಿದಳು. ಹಿಂತಿರುಗಿ ನೋಡದೆ ಹಲಗೆ ಹತ್ತಿದಳು. ಬೆನ್ನಿಗೆ ಬಿಸಿಯುಸಿರು ತಾಗಿತು. ಆಮೇಲೆ ಹಲಗೆಯ ಮೇಲೆ ಗೊರಸಿನ ಸದ್ದು.

ಕೋಟನ್ನು ಮೇವಿನ ಚೀಲದ ಪಕ್ಕ ಕಟ್ಟಿ, ಬರಿಗೈಯಲ್ಲಿ ಇಳಿದಳು. ಲಾರಿ ಹೋಯಿತು. ಮುಚ್ಚಳ ಹಾಕಿದರು.

ಶವದ ಗಾಡಿಯಲ್ಲಿ ಪೆಟ್ಟಿಗೆಯ ಪಕ್ಕದ ಸೀಟಿನಲ್ಲಿ ಅವಳು ಕೂತಳು.

"ಹೀಟರ್ ಸ್ವಲ್ಪ ಜಾಸ್ತಿ ಮಾಡಪ್ಪಾ."

"ಬೆಚ್ಚಗೇ ಇದೆಯಲ್ಲಮ್ಮಾ."

"ಹಿಂದಕ್ಕೂ ಬರೋ ಹಾಗೆ ಮಾಡು."

ಡ್ರೈವರ್ ಗುಂಡಿ ಪೂರ್ತಿ ತಿರುಗಿಸಿದ. ಬೆಟ್ಟದಾಚೆಯ ಚಿತಾಗಾರ ಮುಟ್ಟುವವರೆಗೂ ಮಿನೋರಿ ಹಣೆ ಒರೆಸಿಕೊಳ್ಳುತ್ತಲೇ ಇದ್ದ. ಚಿಯೊ ಒಂದು ಅಂಗೈಯನ್ನು ಪೆಟ್ಟಿಗೆಗೆ ಒತ್ತಿಕೊಂಡು, ಮರ ಬಿಸಿಯಾಯಿತೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು.